ಸೂರ್ಯನ ದಿನಚರಿ ಕಾಯ್ದ ವೈನು ಬಪ್ಪು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕಂದಾಯ ಆಡಳಿತ ನಡೆಸಿದವರಿಗೆ ಸೂರ್ಯನೆಂದರೆ ಮೊದಲು ನೆನಪಾಗುವುದು ಬರ. ಬರಪರಿಸ್ಥಿತಿಯನ್ನು ಅಳೆಯಲು ನಾನು ಅಲ್ಲಿ ನೆಚ್ಚಿದ್ದು ಹಲವು ದಶಕಗಳ ಮಳೆ ದಾಖಲೆಯನ್ನು. ಸೂರ್ಯನಿಗೂ ಅಂಥದೊಂದು ದಾಖಲೆಯುಂಟು. ಅದನ್ನು ಕಾಪಾಡಿ ಮುಂದುವರಿಸಿದವರು ಖಗೋಳವಿಜ್ಞಾನಿ ಎಂ.ಕೆ. ವೈನು ಬಪ್ಪು.

1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದ ಬಪ್ಪು ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದ ಉದ್ಯೋಗಿ. ಹಾರ್ವರ್ಡ್‌ನಲ್ಲಿ ಓದುವಾಗಲೇ, 1949ರಲ್ಲಿ, ಧೂಮಕೇತುವೊಂದನ್ನು ಪತ್ತೆಹಚ್ಚಿದರು. ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲದಿಂದ ಅದರ ನೈಜ ಪ್ರಕಾಶವನ್ನು ಅಳೆಯಬಹುದೆಂಬ, 1957ರಲ್ಲಿ ಪ್ರಕಟವಾದ ಸಂಶೋಧನೆ ವಿಲ್ಸನ್ ಜತೆಗೆ ಅವರ ಹೆಸರನ್ನೂ ಶಾಶ್ವತಗೊಳಿಸಿತು.

1960ರಲ್ಲಿ ಅವರು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ, ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಚಿತ್ರ ತೆಗೆಯುವ ಪರಿಪಾಠವಿತ್ತು. ಬಪ್ಪು ಅದನ್ನು ಕೈಬಿಡದೆ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಬೆಂಗಳೂರಿಗೆ ಬಂದದ್ದು, ಮಧುಗಿರಿಯ ನೆರೆಯ ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಜತೆಗೂಡಿ ರೇಡಿಯೊ ದೂರದರ್ಶಕ ಸ್ಥಾಪಿಸಿದ್ದು ಅವರ ಕಾಲದಲ್ಲೇ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದ ಅವರು, 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ನಿಧನರಾದರು. ವಯಸ್ಸು ಕೇವಲ 55.

ಈ ದುಡಿಮೆಯಿಂದ ನಾಡಿಗೇನು ಲಾಭ? 1989ರ ಮಾರ್ಚ್ 13ರಂದು ಸೌರಸ್ಫೋಟದಿಂದ ಎದ್ದ ಭೂಕಾಂತೀಯ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸುಮಾರು 60 ಲಕ್ಷ ಜನರನ್ನು 9 ಗಂಟೆ ಕತ್ತಲಲ್ಲಿಟ್ಟಿತು. ಭೂಮಧ್ಯರೇಖೆಗೆ ಹತ್ತಿರವಿರುವ ನಮಗೆ ಆ ಅಪಾಯ ಕಡಿಮೆ. ಆದರೆ ಉಪಗ್ರಹ, ರೇಡಿಯೊ ಸಂಪರ್ಕಗಳಿಗೆ ಅಂಥ ವಿನಾಯಿತಿಯಿಲ್ಲ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ಅನ್ನ ನೀಡುವ ಸೂರ್ಯನೇ ಮುನಿಯಲೂ ಬಲ್ಲ.

2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಆದಿತ್ಯ-ಎಲ್1ರ ಪ್ರಧಾನ ಉಪಕರಣವನ್ನು ನಿರ್ಮಿಸಿದ್ದು ಬಪ್ಪು ಕಟ್ಟಿದ ಸಂಸ್ಥೆಯೇ. ಕೊಡೈಕೆನಾಲಿನ ಹಳೆಯ ಚಿತ್ರಗಳು ಈಗ ಡಿಜಿಟಲ್ ರೂಪದಲ್ಲಿ ಜಗತ್ತಿನ ಸಂಶೋಧಕರಿಗೆ ದೊರಕುತ್ತಿವೆ.

ಫಲವನ್ನು ವರ್ಷದೊಳಗೆ ತೋರಿಸಲಾಗದ ವೆಚ್ಚಕ್ಕೆ ಮೊದಲು ಕತ್ತರಿ ಹಾಕುವುದು ಆಯವ್ಯಯದ ಹಳೆಯ ಚಾಳಿ. ಮುನ್ಸೂಚನೆಯಾದರೋ ಎಡೆಬಿಡದ ದಾಖಲೆಯ ಮೇಲೆ ನಿಲ್ಲುತ್ತದೆ. ಉಪಕರಣವನ್ನು ಹಣವಿದ್ದಾಗ ಕೊಳ್ಳಬಹುದು. ತಪ್ಪಿಹೋದ ದಿನದ ಸೂರ್ಯನನ್ನು ಯಾವ ಅನುದಾನವೂ ತಂದುಕೊಡದು. ಬಪ್ಪು ಅವರ ಬದುಕು ನಮ್ಮ ಹಣಕಾಸು ಇಲಾಖೆಗಳಿಗೆ ಕಲಿಸಬೇಕಾದ ಪಾಠ ಇದು.