ಎರಡಾಣೆ ಲೆಕ್ಕದ ಡಾಕ್ಟರ್: ಸಣ್ಣ ಅಂಗಡಿಗಳ ಗಲ್ಲಾಪೆಟ್ಟಿಗೆ ಅರ್ಥ ಮಾಡಿಕೊಂಡಿದ್ದ ಟಿ.ಎಂ.ಎ. ಪೈ

ಉಡುಪಿ: ಸಂಜೆ ಹೊತ್ತಿಗೆ ಅಂಗಡಿ ಬಾಗಿಲಿಗೆ ಬಂದು, ಪುಟ್ಟ ಮೆಷಿನ್‌ನಿಂದ ರಶೀದಿ ಹರಿದು ಕೊಟ್ಟು ಹೋಗುವ ಪಿಗ್ಮಿ ಏಜೆಂಟರನ್ನು ಕರಾವಳಿಯಲ್ಲಿ ನೋಡದವರು ಕಡಿಮೆ. ಹೂವಿನ ಅಂಗಡಿ, ಗೂಡಂಗಡಿ, ಸೆಲೂನ್, ಮೀನು ಮಾರ್ಕೆಟ್, ಎಲ್ಲಾ ಕಡೆ ಅವರ ಓಡಾಟ ಉಂಟು. ಈ ಪದ್ಧತಿ ಶುರುವಾಗಿದ್ದು 1928ರಲ್ಲಿ, ಇದೇ ಉಡುಪಿಯ ಒಂದು ಬ್ಯಾಂಕಿನಿಂದ. ಅದರ ಹಿಂದೆ ಇದ್ದವರಲ್ಲಿ ಒಬ್ಬರು ಓದಿದ್ದು ಲೆಕ್ಕಪತ್ರ ಅಲ್ಲ, ಡಾಕ್ಟರಿಕೆ.

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ಎಂಬಿಬಿಎಸ್ ಮುಗಿಸಿ ಊರಿಗೆ ಬಂದರು. ಆಗ ಇಲ್ಲಿನ ಕೈಮಗ್ಗದವರ ಸ್ಥಿತಿ ಹದಗೆಟ್ಟಿತ್ತು. ಮಗ್ಗ ಇತ್ತು, ಕೆಲಸ ಗೊತ್ತಿತ್ತು, ನೂಲು ತರಲು ಕೈಯಲ್ಲಿ ಕಾಸಿರಲಿಲ್ಲ. ಅಂಥವರಿಗೆ ನೆರವಾಗಬೇಕು ಅಂತ 1925ರಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದರು: ವ್ಯಾಪಾರಿಯಾಗಿದ್ದ ಅಣ್ಣ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ಮತ್ತೆ ಈ ಡಾಕ್ಟರ್. ಬಂಡವಾಳ 8,000 ರೂಪಾಯಿ.

8,000 ರೂಪಾಯಿಯಲ್ಲಿ ಎಷ್ಟು ಜನರಿಗೆ ಸಾಲ ಕೊಡಬಹುದು? ದೊಡ್ಡ ಠೇವಣಿದಾರರಿಗೆ ಕಾಯುತ್ತಾ ಕೂತರೆ ಬ್ಯಾಂಕು ಬೆಳೆಯುವ ಹಾಗಿರಲಿಲ್ಲ. ಸಣ್ಣವರಿಂದಲೇ ದುಡ್ಡು ಬರಬೇಕಿತ್ತು. ಆದರೆ ದಿನಗೂಲಿಯವನಾಗಲಿ, ಚಿಲ್ಲರೆ ಅಂಗಡಿಯವನಾಗಲಿ ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಬೇಕಾದರೆ ಅಂಗಡಿ ಮುಚ್ಚಬೇಕು, ಅರ್ಧ ದಿನದ ವ್ಯಾಪಾರ ಹೋಯ್ತು. ಎರಡಾಣೆ ಹಿಡಿದುಕೊಂಡು ಹೋಗಲು ನಾಚಿಕೆ ಬೇರೆ.

ಹಾಗಾಗಿ ಬ್ಯಾಂಕೇ ಬಾಗಿಲಿಗೆ ಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಬಂದು ತೆಗೆದುಕೊಂಡು ಹೋಗುತ್ತಾನೆ. ಲೆಕ್ಕ ಹಾಕಿ ನೋಡಿ: 16 ಆಣೆಗೆ ಒಂದು ರೂಪಾಯಿ. ದಿನಾ ಎರಡಾಣೆ ಅಂದ್ರೆ ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ, ಬಡ್ಡಿ ಬಿಟ್ಟು. ಗಲ್ಲಾಪೆಟ್ಟಿಗೆಯಲ್ಲೇ ಬಿಟ್ಟಿದ್ದರೆ ಎಲ್ಲಿ ಖರ್ಚಾಯ್ತು ಅಂತಲೂ ಗೊತ್ತಾಗದ ದುಡ್ಡು ಅದು.

ಸಣ್ಣ ವ್ಯಾಪಾರದ ಅಸಲಿ ತೊಂದರೆ ಇಲ್ಲೇ ಇರೋದು. ವ್ಯಾಪಾರ ಆಗುತ್ತೆ, ದುಡ್ಡು ನಿಲ್ಲಲ್ಲ. ಮನೆಯ ಅಕ್ಕಿಯೂ ಅಂಗಡಿಯ ಸರಕೂ ಒಂದೇ ಪೆಟ್ಟಿಗೆಯಿಂದ ಬರುತ್ತೆ. ಹಬ್ಬಕ್ಕೆ ಸ್ಟಾಕ್ ತರಬೇಕಾದಾಗ, ಮಳೆಗಾಲದ ಖಾಲಿ ತಿಂಗಳು ದಾಟಬೇಕಾದಾಗ ಕೈ ಬರಿದು, ಮತ್ತೆ ಬಡ್ಡಿ ಸಾಲ. ಪಿಗ್ಮಿ ಈ ಎರಡು ಲೆಕ್ಕವನ್ನು ದಿನಾ ಸಂಜೆ ಬೇರೆ ಮಾಡಿಸಿತು. ಇನ್ನೊಂದು ಕಡೆ ಯಾರ ವ್ಯಾಪಾರ ದಿನಾ ನಡೆಯುತ್ತೆ, ಯಾರದ್ದು ವಾರಕ್ಕೆ ಎರಡು ದಿನ ನಿಲ್ಲುತ್ತೆ ಅನ್ನೋದು ಏಜೆಂಟನ ಪುಸ್ತಕ ನೋಡಿದರೆ ತಿಳಿಯುತ್ತಿತ್ತು. ಅಡವಿಡಲು ಚಿನ್ನ, ಜಮೀನು ಇಲ್ಲದವನಿಗೆ ಆ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಅದೇ 1928ರಲ್ಲಿ ಬ್ಯಾಂಕಿನ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು. ಹತ್ತಿರದ ಹಳ್ಳಿ ಪೇಟೆ ಮೊದಲು, ಪಟ್ಟಣ ಆಮೇಲೆ. ನಂತರದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅರವತ್ತರ ದಶಕದಲ್ಲಿ ಹೆಸರು ಸಿಂಡಿಕೇಟ್ ಬ್ಯಾಂಕ್ ಆಯ್ತು, 1969ರಲ್ಲಿ ರಾಷ್ಟ್ರೀಕರಣ ಆಯ್ತು.

ಡಾಕ್ಟರ್ ಪೈ ಅಷ್ಟಕ್ಕೇ ನಿಲ್ಲಲಿಲ್ಲ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಶುರು ಮಾಡಿದಾಗ ಮೊದಲ ಗಮನ ಡಿಗ್ರಿ ಮೇಲೆ ಇರಲಿಲ್ಲ, ಕೈಕೆಲಸ ಕಲಿಸುವುದರ ಮೇಲೆ ಇತ್ತು. ಈಗ ಮಣಿಪಾಲ ಅಂದರೆ ಲಕ್ಷಗಟ್ಟಲೆ ಫೀಸು ನೆನಪಾಗುವವರಿಗೆ ಇದನ್ನು ನಂಬೋದು ಸ್ವಲ್ಪ ಕಷ್ಟವೇ.

1953ರ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಪ್ಲಾನ್ ಅಂತೂ ಅಂಗಡಿ ಇಡುವವರು ನಿಂತು ನೋಡಬೇಕಾದದ್ದು. ಮೆಡಿಕಲ್ ಕಾಲೇಜಿಗೆ ದೊಡ್ಡ ಆಸ್ಪತ್ರೆ ಬೇಕೇ ಬೇಕು. ಬೋಳು ಗುಡ್ಡ ಮಣಿಪಾಲದಲ್ಲಿ ಅದೆಲ್ಲಿಂದ ಬರಬೇಕು? ಕಟ್ಟಿಸುತ್ತಾ ಕೂತರೆ ಕಾಲೇಜು ಶುರುವಾಗೋದೇ ಇಲ್ಲ. ಪೈಗಳು ಕೆಲಸವನ್ನು ಎರಡಾಗಿ ಒಡೆದರು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಗಳ ನಡುವಿನ ಪಾಠ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಮಣಿಪಾಲಕ್ಕೆ ಸ್ವಂತ ಆಸ್ಪತ್ರೆ ಬಂದಿದ್ದು ಅರವತ್ತರ ದಶಕದಲ್ಲಿ, ಕಾಲೇಜು ಕಾಲೂರಿದ ಮೇಲೆ.

ಖರ್ಚು ಹೆಚ್ಚಾಗಿ ವಿದ್ಯಾರ್ಥಿಗಳ ಹಣದಿಂದಲೇ ನಡೆಯಬೇಕಿತ್ತು. ಈ ದಾರಿ ಮುಂದೆ ದೇಶದಲ್ಲಿ ದೊಡ್ಡ ಜಗಳಕ್ಕೆ ಕಾರಣ ಆಯ್ತು ಅನ್ನೋದನ್ನೂ ಹೇಳಲೇಬೇಕು. ಎರಡಾಣೆಯವನನ್ನು ಹುಡುಕಿಕೊಂಡು ಹೋದವರೇ ಕಟ್ಟಿದ ಕಾಲೇಜಿನ ಬಾಗಿಲು ಎರಡಾಣೆಯವನ ಮಕ್ಕಳಿಗೆ ಎತ್ತರವಾಯ್ತು ಎಂಬ ದೂರು ಸುಳ್ಳಲ್ಲ. ಖಾಸಗಿ ಕಾಲೇಜುಗಳ ಹಕ್ಕಿನ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ವಕೀಲರು ಇವತ್ತಿಗೂ ಟಿ.ಎಂ.ಎ. ಪೈ ಕೇಸ್ ಅಂತಲೇ ಕರೆಯುತ್ತಾರೆ.

1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಮೇ 29ರಂದು ತೀರಿಕೊಂಡರು.

2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋಯ್ತು, ಬೋರ್ಡುಗಳು ಬದಲಾದವು. ಪಿಗ್ಮಿ ಎಂಬ ಹೆಸರು ಮಾತ್ರ ಊರೂರಿನ ಸಹಕಾರಿ ಸೊಸೈಟಿಗಳಲ್ಲಿ ಉಳಿದುಕೊಂಡಿದೆ. ಸಾಲದ ಕಂತನ್ನೂ ಪಿಗ್ಮಿಯಲ್ಲೇ ಕಟ್ಟಿ ತೀರಿಸುವ ಅಂಗಡಿಯವರು ಈಗಲೂ ಇದ್ದಾರೆ.