ಕಾಗದಕ್ಕೆ ಜೀವ ತುಂಬಿದವರು

ಒಂದು ಚೌಕಾಕಾರದ ಕಾಗದ, ಕತ್ತರಿಯಿಲ್ಲ, ಅಂಟಿಲ್ಲ. ಮಡಿಸುತ್ತ ಹೋದಂತೆ ಅದರಿಂದ ಕೊಕ್ಕರೆಯೋ ಕಪ್ಪೆಯೋ ಮೂಡಿ ನಿಲ್ಲುತ್ತದೆ. ಜಪಾನೀಯರು ಒರಿಗಾಮಿ ಎಂದು ಕರೆಯುವ ಈ ವಿದ್ಯೆ ಬಹುಕಾಲ ಮಕ್ಕಳ ಆಟವೆಂದೇ ಪರಿಗಣಿತವಾಗಿತ್ತು. ಅದನ್ನು ಕಲೆಯ ಪದವಿಗೆ ಏರಿಸಿದವರಲ್ಲಿ ಅಗ್ರಗಣ್ಯರು ಅಕಿರ ಯೋಶಿಜಾವ.

ಯೋಶಿಜಾವ 1911ನೆಯ ಇಸವಿ ಮಾರ್ಚ್ 14ರಂದು ತೊಚಿಗಿ ಪ್ರಾಂತದ ಕಾಮಿನೊಕಾವದಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಹದಿಮೂರನೆಯ ವಯಸ್ಸಿನಲ್ಲಿಯೇ ಟೋಕಿಯೋದ ಕಾರ್ಖಾನೆಯೊಂದಕ್ಕೆ ಸೇರಿದರು. ಮುಂದೆ ಅಲ್ಲಿ ನಕ್ಷೆಗಾರರಾದಾಗ ಕಿರಿಯ ಕೆಲಸಗಾರರಿಗೆ ರೇಖಾಗಣಿತ ಕಲಿಸುವ ಹೊಣೆ ಅವರದಾಯಿತು. ಬಾಲ್ಯದ ಆಟ ಆಗ ನೆರವಿಗೆ ಬಂದಿತು. ಚೌಕದ ಎದುರು ಮೂಲೆಗಳನ್ನು ಕೂಡಿಸಿ ಮಡಿಸಿದರೆ ಕರ್ಣರೇಖೆ ಮೂಡುತ್ತದೆ. ಲಂಬಕೋನ ಎರಡು ಸಮಭಾಗವಾಗುತ್ತದೆ. ಕಾಗದವೇ ಅವರ ಪಾಠಪುಸ್ತಕವಾಯಿತು.

1937ರಲ್ಲಿ ಅವರು ಕಾರ್ಖಾನೆಯನ್ನು ಬಿಟ್ಟು ಒರಿಗಾಮಿಗೇ ತಮ್ಮನ್ನು ಅರ್ಪಿಸಿಕೊಂಡರು. ಕಡುಬಡತನ ಅವರನ್ನು ಕಾಡಿತು. ಮನೆಮನೆಗೆ ಹೋಗಿ ತ್ಸುಕುದಾನಿ ಎಂಬ ವ್ಯಂಜನವನ್ನು ಮಾರಿ ಹೊಟ್ಟೆ ಹೊರೆದರು. ಮಹಾಯುದ್ಧದಲ್ಲಿ ಸೇನೆಯ ವೈದ್ಯಕೀಯ ದಳದಲ್ಲಿಯೂ ದುಡಿದರು. ಆದರೆ ಹಿಡಿದ ಕೆಲಸವನ್ನು ಬಿಡಲಿಲ್ಲ. 1952ರಲ್ಲಿ ಅವರು ರಚಿಸಿದ ಹನ್ನೆರಡು ರಾಶಿಪ್ರಾಣಿಗಳ ಚಿತ್ರಗಳು ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಪ್ರಕಟವಾದುವು. ನಾಡೇ ಅವರತ್ತ ತಿರುಗಿ ನೋಡಿತು.

ಮಡಿಸುವ ಕೈಗಳೊಡನೆ ವಿದ್ಯೆಯೂ ಮರೆಯಾಗಬಾರದು. ಅದಕ್ಕೆ ಬರವಣಿಗೆ ಬೇಕು. 1954ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಯೋಶಿಜಾವ ಗೆರೆ, ಬಾಣಗಳ ಸಂಕೇತಪದ್ಧತಿಯನ್ನು ನಿರೂಪಿಸಿದರು. ಕಾಗದವನ್ನು ನಮ್ಮ ಕಡೆಗೆ ಮಡಿಸಿದರೆ ಕಣಿವೆ ಮಡಿಕೆ. ಹಿಂದಕ್ಕೆ ಮಡಿಸಿದರೆ ಬೆಟ್ಟದ ಮಡಿಕೆ. ಎಷ್ಟೇ ಜಟಿಲವಾದ ಆಕೃತಿಗೂ ಈ ಎರಡೇ ಆಧಾರ. ಅನಂತರ ಇತರರು ತಿದ್ದಿ ಬೆಳೆಸಿದ ಈ ಪದ್ಧತಿಯಿಂದ ಜಪಾನೀ ಭಾಷೆಯನ್ನರಿಯದವರೂ ಚಿತ್ರ ನೋಡಿಯೇ ಮಡಿಸುವಂತಾಯಿತು. ದಪ್ಪ ಕಾಗದವನ್ನು ತುಸು ತೇವಗೊಳಿಸಿ ಮಡಿಸುವ ವಿಧಾನವೂ ಅವರದೇ. ಒಣಗಿದ ಮೇಲೆ ಪ್ರಾಣಿಯ ಮೈಯ ಉಬ್ಬುತಗ್ಗುಗಳು ಹಾಗೆಯೇ ಉಳಿಯುತ್ತವೆ.

1955ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು. 1983ರಲ್ಲಿ ಜಪಾನ್ ಸರ್ಕಾರ ಉದಯಸೂರ್ಯ ಪದವಿಯನ್ನಿತ್ತು ಗೌರವಿಸಿತು. ಬಡತನವನ್ನು ಉಂಡಿದ್ದರೂ ಅವರು ತಮ್ಮ ಕೃತಿಗಳನ್ನು ಮಾರಲಿಲ್ಲ. ಪ್ರೀತಿಯಿಂದ ಕಾಣಿಕೆಯಾಗಿ ಕೊಟ್ಟರು. 2005ರ ಮಾರ್ಚ್ 14ರಂದು, ತಮ್ಮ ತೊಂಬತ್ತನಾಲ್ಕನೆಯ ಹುಟ್ಟುಹಬ್ಬದ ದಿನವೇ, ಅವರು ನಿಧನರಾದರು. ಇಂದು ಯಾವ ದೇಶದ ಮಗುವಾದರೂ ಪುಸ್ತಕ ತೆರೆದು, ಗೆರೆಯನ್ನನುಸರಿಸಿ ಕಾಗದ ಮಡಿಸಿದರೆ, ಅಲ್ಲಿ ಯೋಶಿಜಾವರ ಬೆರಳುಗಳು ದಾರಿ ತೋರುತ್ತಿರುತ್ತವೆ.