ರಾಗಿ ಲಕ್ಷ್ಮಣಯ್ಯ: ನಿಮ್ಮ ಹೊಲದ ತಳಿಯ ಹಿಂದಿನ ವಿಜ್ಞಾನಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮುಂಗಾರಿಗೆ ನೀವು ಬಿತ್ತುವ ಜಿಪಿಯು-28 ರಾಗಿಯ ವಂಶದಲ್ಲಿ ಇಂಡಾಫ್-5 ಮತ್ತು ಇಂಡಾಫ್-9 ಎಂಬ ಎರಡು ತಳಿಗಳಿವೆ. ಅವೆರಡೂ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರ (1921–1993) ಶ್ರಮದ ಫಲ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ಅವರಿಗಿಂತ ಮೊದಲು ರಾಗಿ ಸಂಶೋಧನೆಯೆಂದರೆ ನಾಟಿ ರಾಗಿಯಲ್ಲಿ ಉತ್ತಮ ತೆನೆಗಳನ್ನು ಆರಿಸಿ ಬೆಳೆಸುವುದಾಗಿತ್ತು. ಹೆಬ್ಬಾಳದ ಎಚ್-22 ಹಾಗೆ ಬಂದದ್ದು. ಸಂಕರಣಕ್ಕೆ ಹೂವೇ ಅಡ್ಡಿ. ರಾಗಿಯ ಹೂ ಬಲು ಸಣ್ಣದು. ಬೆಳಗಿನ ಜಾವ ಅರಳಿ, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಎರಡು ತಳಿಗಳ ತೆನೆಗಳನ್ನು ಜೋಡಿಸಿ ಕಟ್ಟಿದರೂ ನಿಜವಾಗಿ ಬೆರೆಯುವ ಕಾಳು ಬೆರಳೆಣಿಕೆಯಷ್ಟು. ಹಸಿರು ಗಿಡದ ಬೀಜದಿಂದ ನೇರಳೆ ಛಾಯೆಯ ಸಸಿ ಹುಟ್ಟಿದರೆ ಮಾತ್ರ ಸಂಕರಣ ಫಲಿಸಿದೆಯೆಂದು ತಿಳಿಯಬೇಕು. ಕೃಷಿ ಪದವಿಗೆ ಸೇರುವ ನಿಮ್ಮ ಮಕ್ಕಳು ಪ್ರಯೋಗಾಲಯಕ್ಕಿಂತ ಮೊದಲು ಒಂದು ನಸುಕಿನಲ್ಲಿ ಈ ಹೂವನ್ನು ನೋಡಲಿ ಎಂಬುದು ನನ್ನ ಆಸೆ.

ಈ ತಾಳ್ಮೆಯ ಕೆಲಸದಿಂದಲೇ 1951ರಿಂದ 1964ರ ಅವಧಿಯಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಬಂದವು. ಅಲ್ಲಿಗೆ ಅವರು ನಿಲ್ಲಲಿಲ್ಲ. ಆಫ್ರಿಕದ ರಾಗಿಗೆ ದಪ್ಪ ಕಾಂಡ, ದೊಡ್ಡ ತೆನೆ. ಆದರೆ ಮಾಗಲು ಬಹುಕಾಲ ಬೇಕು. ಅದನ್ನು ನಮ್ಮ ರಾಗಿಯೊಡನೆ ಬೆರೆಸಿ ಪಡೆದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕಗಳ ಹೆಸರು ಕೂಡಿಸಿ ಇಂಡಾಫ್ ಎಂದು ಹೆಸರಾಯಿತು. ತಡವಾಗಿ ಮಳೆ ಬಂದಾಗ ಅಲ್ಪಾವಧಿಯ ಇಂಡಾಫ್-9 ಎಷ್ಟೋ ಮನೆಗಳ ಕಣಜ ತುಂಬಿಸಿತು.

ಇಂಡಾಫ್-5ಕ್ಕೊಂದು ಕೊರತೆಯಿತ್ತು: ಬೆಂಕಿ ರೋಗಕ್ಕೆ ಅದು ಬೇಗ ತುತ್ತಾಗುತ್ತಿತ್ತು. ಅದನ್ನು ಮುಚ್ಚಿಡಬೇಕಿಲ್ಲ. ಮುಂದಿನ ಪೀಳಿಗೆಯ ವಿಜ್ಞಾನಿಗಳು ಇಂಡಾಫ್-5ನ್ನು ರೋಗ ತಡೆಯುವ ಐಇ-1012ರೊಡನೆ ಕೂಡಿಸಿ ಎಂಎಲ್-365ನ್ನೂ, ಇಂಡಾಫ್-9ನ್ನೂ ಸೇರಿಸಿಕೊಂಡು ಜಿಪಿಯು-28ನ್ನೂ ಪಡೆದರು.

ಇವು ಸಂಕರಣದಿಂದ ಹುಟ್ಟಿ ಸ್ಥಿರಗೊಂಡ ತಳಿಗಳು. ಮುಸುಕಿನ ಜೋಳದ ಹೈಬ್ರಿಡ್‌ನಂತೆ ಪ್ರತಿ ವರ್ಷ ಬೀಜ ಕೊಳ್ಳಬೇಕಿಲ್ಲ. ಕಟಾವಿಗೆ ಮೊದಲೇ ಹೊಲ ಸುತ್ತಿ, ಕುತ್ತಿಗೆ ಕಪ್ಪಾಗದ, ಒಂದೇ ಬಗೆಯ ತೆನೆಗಳನ್ನು ಆರಿಸಿ ಬೇರೆಯಾಗಿ ಒಣಗಿಸಿಡಿ. ಮೂರು ವರ್ಷಕ್ಕೊಮ್ಮೆ ದೃಢೀಕೃತ ಬೀಜ ತಂದು ಬದಲಾಯಿಸಿಕೊಳ್ಳಿ.